ಫ್ಯಾಮಿಲಿ ರೂಮಿನ ಬೆಲ್ಲು ದೋಣಿ ಹತ್ತಿದ್ದು

ವಿಷ್ಣುಮೂರ್ತಿ: ಬೇಡ ಅಂದ್ರೆ ಬೇಡ! ನನ್ನ ದೋಣಿಗೆ ಬೆಲ್ಲು ಬೇಡ. ದೋಣಿ ಅಂದ್ರೆ ಎಂತ, ಶಾಲೆಯಾ?

ರತ್ನಾವತಿ: ಶಾಲೆಯಾದ್ರೆ ಒಳ್ಳೇದಿತ್ತು. ಅಲ್ಲಿ ಒಮ್ಮೆ ಪೆಟ್ಟು ತಿಂದದ್ದು ನೆನಪಿರ್ತದೆ. ನಿಮ್ಮ ಎಂಜಿನು ಮೂರು ಸಲ ಸುಟ್ಟಿತು. ಮೂರು ಸಲವೂ ನೀವು ಹೊಸದಾಗಿ ಆಶ್ಚರ್ಯಪಟ್ರಿ.

ಶಾಂತವೀರಪ್ಪ: ಅಕ್ಕಾರ, ಆ ಸ್ಕ್ರೂಡ್ರೈವರ್ ಇತ್ತ ಕೊಡ್ರಿ. ನಿಮ್ಮ ಜಗಳ ಮುಗಿಯೂದ್ರಾಗ ನಾ ಬೆಲ್ಲು ಕೂಡಿಸಿಬಿಡ್ತೀನಿ.

ರತ್ನಾವತಿ: ಹಾಗಾದ್ರೆ ನಿಧಾನ ಮಾಡಿ. ಜಗಳ ಈಗ ಶುರುವಾದದ್ದು ಅಷ್ಟೆ.

ಐವತ್ತೊಂಬತ್ತನೆಯ ಇಸವಿಯ ಭಾದ್ರಪದ. ಮದರಾಸಿನ ಮೈಲಾಪುರದಲ್ಲಿ ವಿಷ್ಣುಮೂರ್ತಿ ರಾಯರ ಹೋಟೆಲಿನ ಹಿತ್ತಲ ಬಾಗಿಲು ತೆರೆದರೆ ಎದುರಿಗೇ ಕಾಲುವೆ. ಅಲ್ಲಿನ ತೆಂಗಿನ ಮರಕ್ಕೆ ಒಂದು ಅಗಲ ಹೊಟ್ಟೆಯ ದೋಣಿ ಕಟ್ಟಿತ್ತು. ಅದಕ್ಕೊಂದು ಹಳೆಯ ಡೀಸೆಲ್ ಎಂಜಿನು. ಮಂಗಳವಾರ ಬಂತೆಂದರೆ ರಾಯರು ಬನಿಯನ್ನಿನ ಮೇಲೆ ಟವೆಲ್ ಹಾಕಿಕೊಂಡು ತಾವೊಬ್ಬರೇ ಎಣ್ಣೂರಿಗೆ ಹೋಗಿ, ಹೋಟೆಲಿನ ಒಲೆಗೆ ಒಂದು ವಾರಕ್ಕಾಗುವಷ್ಟು ಸವುಕು ಕಟ್ಟಿಗೆ ತರುತ್ತಿದ್ದರು. ಕಟ್ಟಿಗೆಯನ್ನು ಎತ್ತಿನ ಗಾಡಿಯವನು ಮನೆ ಬಾಗಿಲಿಗೇ ತಂದು ಹಾಕುತ್ತೇನೆಂದು ಹತ್ತು ಸಲ ಹೇಳಿದ್ದ. ರಾಯರು ಆ ಮಾತನ್ನು ಕಿವಿಗೆ ಹಾಕಿಕೊಂಡವರಲ್ಲ.

ದೋಣಿಯೊಳಗೆ ಕಾಲು ಮಡಚಿ ಕುಳಿತಿದ್ದ ಶಾಂತವೀರಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಿಂದ ಪೆರಂಬೂರಿಗೆ ವರ್ಗವಾಗಿ ಬಂದು, ಇಲ್ಲೇ ಫಿಟರಾಗಿ ನಿವೃತ್ತನಾದವನು. ಕೆಟ್ಟ ಯಂತ್ರ ಕಂಡರೆ ಬೆಲ್ಲ ಕಂಡ ಇರುವೆಯೇ ಸರಿ. ಅವನ ತೊಡೆಯ ಮೇಲಿದ್ದ ಕರೆಗಂಟೆ ಅಂದು ಮಧ್ಯಾಹ್ನದವರೆಗೆ ರಾಯರ ಹೋಟೆಲಿನ ಫ್ಯಾಮಿಲಿ ರೂಮಿನ ಗೋಡೆಯಲ್ಲಿತ್ತು. ಒತ್ತುವ ಗುಂಡಿ ಇನ್ನೂ ಅಲ್ಲೇ ಇತ್ತು.

ವಿಷ್ಣುಮೂರ್ತಿ: ಅಲ್ಲ, ಫ್ಯಾಮಿಲಿ ರೂಮಿನ ಬೆಲ್ಲನ್ನೇ ಕಿತ್ತು ತಂದದ್ದಲ್ಲ, ಅಲ್ಲಿ ಕೂತವರು ಎಂತ ಮಾಡ್ಬೇಕು? ಬೆಲ್ಲು ಆಗದೆ ಒಬ್ಬ ಸಪ್ಲೈಯರೂ ಪರದೆ ಮುಟ್ಟಬಾರದು ಅಂತ ನಿಯಮ ಮಾಡಿದವಳು ನೀನೇ.

ರತ್ನಾವತಿ: ಹೆಂಗಸರು ಮಕ್ಕಳು ಕೂತು ತಿನ್ನುವ ಜಾಗ. ನಿಯಮ ಬೇಡ್ವಾ? ಎರಡರಿಂದ ಐದರ ತನಕ ಅಲ್ಲಿಗೆ ಯಾವ ಫ್ಯಾಮಿಲಿಯೂ ಬರುದಿಲ್ಲ. ಸಂಜೆಗೆ ಬೇರೆ ಹಾಕಿದ್ರಾಯ್ತು.

ವಿಷ್ಣುಮೂರ್ತಿ: ಹೊಸ ಬೆಲ್ಲು ತರುದು ಬಿಟ್ಟು ಇದ್ದದ್ದನ್ನು ಕೀಳುದು! ಮೂರು ಊಟದ ಎಲೆಯಲ್ಲಿ ನಾಲ್ಕು ಎಲೆ ಕೊಯ್ಯುವವಳಲ್ವಾ ನೀನು. ಹಪ್ಪಳ ಎಲೆಯಿಂದ ಹೊರಗೆ ಕೂತ್ಕೊಳ್ತದೆ ಅಂತ ಇಡೀ ಮೈಲಾಪುರ ನಗ್ತದೆ.

ರತ್ನಾವತಿ: ನಗ್ಲಿ. ತಿಂದು ನಗ್ತಾರಲ್ಲ. ಈಗ ಮಾತು ತಪ್ಪಿಸ್ಬೇಡಿ. ಎಣ್ಣೂರಿನ ಉಪ್ಪಿನ ವ್ಯಾಪಾರದ ಮುದಲಿಯಾರರಿಗೆ ನಾನು ಹೇಳಿ ಕಳಿಸಿ ಆಗಿದೆ. ನಾಲ್ಕು ಗಂಟೆಗೆ ಬರ್ತಾರೆ ದೋಣಿ ಕ್ರಯಕ್ಕೆ ತಕೊಂಡು ಹೋಗ್ಲಿಕ್ಕೆ.

ವಿಷ್ಣುಮೂರ್ತಿ: ನನ್ನ ದೋಣಿ!

ರತ್ನಾವತಿ: ಹ್ಞಾಂ, ನಿಮ್ಮದೇ. ಅಷ್ಟರೊಳಗೆ ಎಂಜಿನು ಬಿಸಿಯಾದ್ರೆ ಅದು ಕೂಗಿ ಹೇಳ್ಬೇಕು, ಆ ಕೂಗು ಕೇಳಿ ನೀವು ನಿಲ್ಲಿಸ್ಬೇಕು. ನಾನು ಕಣ್ಣಾರೆ ನೋಡ್ಬೇಕು. ಆಗ ದೋಣಿ ಉಳೀತದೆ. ಇಲ್ಲದಿದ್ರೆ ಮುದಲಿಯಾರರಿಗೆ.

ವಿಷ್ಣುಮೂರ್ತಿ: ಒಂದು ಸಲ ತಡ ಆದದ್ದಕ್ಕೆ...

ರತ್ನಾವತಿ: ಒಂದು ಸಲ! ಮಗಳು ವಿನೋದಳನ್ನು ನೋಡ್ಲಿಕ್ಕೆ ಗಂಡಿನ ಕಡೆಯವರು ಬಂದು ಕೂತಿದ್ದಾರೆ, ಹೆಣ್ಣಿನ ಅಪ್ಪ ಕಾಲುವೆ ಮಧ್ಯ ಸುಟ್ಟ ಎಂಜಿನಿಗೆ ಟವೆಲಿನಲ್ಲಿ ಗಾಳಿ ಹಾಕ್ತಾ ಇದ್ದಾರೆ! ಮೂರು ಸಲ ಗೋಳಿಬಜೆ ಕರಿದು ಹಾಕಿದೆ ನಾನು ಅವರಿಗೆ. ಆ ಸಂಬಂಧ ಉಳಿದದ್ದು ಗೋಳಿಬಜೆಯಿಂದ. ಬರುವ ಕಾರ್ತಿಕದಲ್ಲಿ ಮದುವೆ. ಧಾರೆ ಎರೆಯುವ ಹೊತ್ತಿಗೂ ನೀವು ಹಾಗೇ ಕೂತಿದ್ರೆ ಗೋಳಿಬಜೆ ಹತ್ರ ಧಾರೆ ಎರೆಸ್ಲಿಕ್ಕೆ ಆಗ್ತದಾ?

ಸಿಕ್ಕಿಬಿದ್ದ ಗಂಡಸು ಮಾಡುವ ಕೆಲಸವನ್ನೇ ರಾಯರೂ ಮಾಡಿದರು. ಶಾಂತವೀರಪ್ಪನ ಕಡೆ ತಿರುಗಿದರು.

ವಿಷ್ಣುಮೂರ್ತಿ: ಅದು ಹೇಗೆ ಆಗ್ತದೆ ಮಾರಾಯ್ರೆ? ಎಂಜಿನಿಗೆ ಜ್ವರ ಬಂದದ್ದು ಬೆಲ್ಲಿಗೆ ಹೇಗೆ ಗೊತ್ತಾಗುದು?

ಶಾಂತವೀರಪ್ಪ: ಭಾಳ ಸರಳ ಅದರಿ. ಇದು ಹಿತ್ತಾಳಿ ಪಟ್ಟಿ, ಇದು ಕಬ್ಬಿಣದ ಪಟ್ಟಿ. ಬೆನ್ನಿಗೆ ಬೆನ್ನು ಹಚ್ಚಿ ಬೆಸದೀನಿ. ಬಿಸಿ ತಾಗಿದ್ರ ಹಿತ್ತಾಳಿ ಜಾಸ್ತಿ ಹಿಗ್ಗತದ, ಕಬ್ಬಿಣ ಕಡಿಮಿ. ಬಿಟ್ಟು ಹೋಗಾಕ ಇಬ್ರಿಗೂ ಬರಂಗಿಲ್ಲ. ಅದಕ್ಕ ಎರಡೂ ಕೂಡೇ ಬಾಗ್ತಾವ. ಬಾಗಿ ಈ ತಂತಿಗೆ ತಾಗಿದ್ರ ಬೆಲ್ಲು ಬಡೀತದ.

ವಿಷ್ಣುಮೂರ್ತಿ: ಗಂಡ ಹೆಂಡತಿ ಹಾಗೆ ಅನ್ನಿ. ಇದರಲ್ಲಿ ಗಂಡ ಯಾವುದು?

ರತ್ನಾವತಿ: ಸುಮ್ಮನೆ ಜಾಸ್ತಿ ಹಿಗ್ಗುದು ಯಾವುದೋ ಅದು.

ವಿಷ್ಣುಮೂರ್ತಿ: ನನಗೆ ಪಟ್ಟಿ ಬೇಡ, ತಂತಿ ಬೇಡ. ನನ್ನ ಮೂಗು ಸಾಕು. ಅಡುಗೆಮನೆಯಲ್ಲಿ ಸಾಂಬಾರು ತಳ ಹಿಡಿಯುವ ಮೊದಲೇ ಕೌಂಟರಿನಲ್ಲಿ ಕೂತು ಹೇಳ್ತೇನೆ ನಾನು.

ರತ್ನಾವತಿ: ಹೇಳ್ತೀರಿ. ಆದ್ರೆ ಈ ಕಾಲುವೆಯಲ್ಲಿ ಹೋಗುವಾಗ ಅದೇ ಮೂಗಿಗೆ ಟವೆಲ್ ಬಿಗಿದು ಕಟ್ತೀರಲ್ಲ?

ವಿಷ್ಣುಮೂರ್ತಿ: ಕೈಯಲ್ಲಿ ಮುಟ್ಟಿ ನೋಡಿದ್ರಾಯ್ತು.

ರತ್ನಾವತಿ: ಹೋದ ತಿಂಗಳು ಮುಟ್ಟಿ ನೋಡಿದ ಕೈಗೆ ಎಂಟು ದಿನ ಜೇನುತುಪ್ಪ ಹಚ್ಚಿದವಳು ನಾನು.

ವಿಷ್ಣುಮೂರ್ತಿ: ಅಲ್ಲ ಮಾರಾಯ್ತಿ, ಬೆಲ್ಲು ಬಡಿದ್ರೆ... ಬೆಲ್ಲು ಬಡಿದ್ರೆ ಕಾಲುವೆಯ ಮೀನೆಲ್ಲ ಓಡಿ ಹೋಗ್ತದೆ!

ರತ್ನಾವತಿ: ನೀವು ಯಾವಾಗಿಂದ ಮೀನು ಹಿಡೀಲಿಕ್ಕೆ ಶುರುಮಾಡಿದ್ದು? ಮಠದವರಿಗೆ ಗೊತ್ತುಂಟಾ?

ಶಾಂತವೀರಪ್ಪ ನಗು ತಡೆಯಲಾರದೆ ಬಾಯಲ್ಲಿದ್ದ ಎರಡು ಸ್ಕ್ರೂಗಳನ್ನು ದೋಣಿಯ ತಳಕ್ಕೆ ಬೀಳಿಸಿದ. ಅವನ್ನು ಹುಡುಕಿ ತೆಗೆದು ಕರೆಗಂಟೆಯನ್ನು ಭದ್ರ ಮಾಡುವಷ್ಟರಲ್ಲಿ ಎರಡೂವರೆ ದಾಟಿತ್ತು.

ಶಾಂತವೀರಪ್ಪ: ಈಗ ಪರೀಕ್ಷಾ. ದೋಣಿ ಮರಕ್ಕ ಕಟ್ಟಿದಂಗ ಇರ್ಲಿ. ಎಂಜಿನ್ ತಣ್ಣಗ ಇಡೂ ನೀರು ಕಾಲುವಿಯಿಂದ ಈ ಪೈಪಿನಾಗ ಬರ್ತದ. ಅದರ ನಲ್ಲಿ ನಾ ಬಂದ್ ಮಾಡ್ತೀನಿ, ಎಂಜಿನ್ ಬಿಸಿ ಆಗ್ತದ. ಬೆಲ್ಲು ಬಡದ ಕೂಡ್ಲೆ ರಾಯರ ನೀವೇನ್ ಮಾಡ್ತೀರಿ?

ವಿಷ್ಣುಮೂರ್ತಿ: ಈ ಹಿಡಿ ಹಿಂದಕ್ಕೆ ಎಳೆದು ಎಂಜಿನು ನಿಲ್ಲಿಸ್ತೇನೆ.

ಶಾಂತವೀರಪ್ಪ: ಮುಂದಕ್ಕ ತಳ್ಳಿದ್ರ?

ವಿಷ್ಣುಮೂರ್ತಿ: ವೇಗ ಜಾಸ್ತಿ ಆಗ್ತದೆ. ಅಷ್ಟೂ ಗೊತ್ತಿಲ್ವಾ ನನಗೆ? ನಾನು ಎಂತ, ಶತಮೂರ್ಖನಾ?

ರತ್ನಾವತಿ: ಅದಕ್ಕೂ ಪರೀಕ್ಷೆ ಆಗ್ತದೆ ಈಗ.

ಎಂಜಿನು ಡುಗುಡುಗು ಎಂದಿತು. ಮೂವರೂ ಕರೆಗಂಟೆಯನ್ನೇ ನೋಡುತ್ತ ಕಾದರು. ಐದು ನಿಮಿಷ ಕಳೆದಿರಬೇಕು, ಕರೆಗಂಟೆ ಟ್ರಿಣ್ಣೆಂದು ಬಡಿಯಿತು.

ವಿಷ್ಣುಮೂರ್ತಿ: ವಂದುಟ್ಟೇನ್ ಸಾರ್!

ಹೀಗೆ ಕೂಗಿದ್ದೇ ತಡ, ರಾಯರು ಕುಳಿತಲ್ಲಿಂದ ಚಿಮ್ಮಿ ಎದ್ದರು. ಎಡಹೆಗಲಿಗೆ ಟವೆಲು ಹಾರಿಬಿತ್ತು, ಬಲಗೈ ಹಿಡಿಯನ್ನು ಮುಂದಕ್ಕೆ, ಸಂಪೂರ್ಣ ಮುಂದಕ್ಕೆ ತಳ್ಳಿತು. ದೋಣಿ ಹಗ್ಗವನ್ನು ಜಗ್ಗಿತು, ತೆಂಗಿನ ಮರ ನಡುಗಿ ಒಂದು ಒಣ ಗರಿಯನ್ನು ಕೆಳಗೆ ಚೆಲ್ಲಿತು, ಕಾಲುವೆಯ ನೀರು ಎದ್ದು ಬಂದು ರತ್ನಾವತಿಯ ಸೀರೆಯನ್ನು ಮೊಣಕಾಲಿನವರೆಗೆ ತೋಯಿಸಿತು. ಶಾಂತವೀರಪ್ಪ ಹಾರಿ ಹಿಡಿಯನ್ನು ಹಿಂದಕ್ಕೆಳೆಯದಿದ್ದರೆ ದೋಣಿ ಮರಸಮೇತ ಎಣ್ಣೂರಿಗೆ ಹೊರಡುತ್ತಿತ್ತು.

ಶಾಂತವೀರಪ್ಪ: ಏನ್ ಮಾಡಿದ್ರಿ ರಾಯರ! ಬಿಸಿ ಆಗೇದ ಅಂತ ಹೇಳಿದ್ರ ಇನ್ನಷ್ಟು ಓಡಸ್ತೀರಲ್ಲ?

ವಿಷ್ಣುಮೂರ್ತಿ: ಗೊತ್ತಾಗ್ಲಿಲ್ಲ. ಕೈ ತಾನಾಗಿ ಹೋಯ್ತು.

ರತ್ನಾವತಿ: ಕೈ ತಾನಾಗಿ ಹೋಯ್ತು! ಬಾಯಿಯೂ ತಾನಾಗಿ ಹೋಯ್ತಾ? ಯಾವ ಸಾರ್ ಬಂದಿದ್ದಾರೆ ಇಲ್ಲಿ? ಯಾರಿಗೆ 'ಬಂದೆ ಸಾರ್' ಅಂದದ್ದು ನೀವು?

ವಿಷ್ಣುಮೂರ್ತಿ: ಅದಕ್ಕೇ ಬೇಡ ಅಂದದ್ದು ನಾನು.

ರತ್ನಾವತಿ: ಯಾವುದಕ್ಕೆ? ಸರಿಯಾಗಿ ಹೇಳಿ. ಮೀನು ಗೀನು ಅಂತ ಹೇಳ್ಬೇಡಿ.

ರಾಯರು ಹೆಗಲಿನ ಟವೆಲನ್ನು ತೆಗೆದು ನಾಲ್ಕು ಮಡಿಕೆ ಮಾಡಿದರು. ಮತ್ತೆ ಬಿಚ್ಚಿದರು.

ವಿಷ್ಣುಮೂರ್ತಿ: ಹನ್ನೆರಡು ವರ್ಷಕ್ಕೆ ಈ ಊರಿಗೆ ಬಂದವ ನಾನು. ಜಾರ್ಜ್‌ಟೌನಿನ ಹೋಟೆಲಿನಲ್ಲಿ ಹದಿನೆಂಟು ವರ್ಷ ಸಪ್ಲೈ ಮಾಡಿದೆ. ಮಾಳಿಗೆ ಮೇಲೆ ಆರು ಫ್ಯಾಮಿಲಿ ರೂಮು, ಹತ್ತೊಂಬತ್ತು ಮೆಟ್ಟಿಲು. ಬೆಲ್ಲು ಆಯ್ತು ಅಂದ್ರೆ 'ವಂದುಟ್ಟೇನ್ ಸಾರ್' ಅಂತ ಓಡ್ಬೇಕು. ಎರಡನೇ ಸಲ ಬೆಲ್ಲು ಆಗುವಷ್ಟು ತಡ ಮಾಡಿದ್ರೆ ಆ ಹೊತ್ತು ಊಟ ಇಲ್ಲ. ಕನಸಿನಲ್ಲಿ ಕೂಡ ಓಡಿದ್ದೇನೆ ರತ್ನಾ. ಈಗ ನಾನೇ ಯಜಮಾನ. ಆದ್ರೆ ಅದು ಈ ಕಾಲಿಗೆ ಯಾರೂ ಹೇಳ್ಲಿಲ್ಲ. ನಮ್ಮ ಫ್ಯಾಮಿಲಿ ರೂಮಿನ ಬೆಲ್ಲು ಆದಾಗೆಲ್ಲ ಕೌಂಟರಿನ ಕೆಳಗೆ ಇದು ಎದ್ದು ನಿಲ್ತದೆ.

ಶಾಂತವೀರಪ್ಪ: ಅದಕ್ಕ ಮಂಗಳವಾರ ದೋಣಿ...

ವಿಷ್ಣುಮೂರ್ತಿ: ವಾರಕ್ಕೆ ಒಂದು ದಿನ. ಎಂಜಿನಿನ ಡುಗುಡುಗು ಬಿಟ್ರೆ ಬೇರೆ ಶಬ್ದ ಇಲ್ಲ. ಯಾರೂ ಕರೆಯುದಿಲ್ಲ, ಯಾರಿಗೂ ಬಂದೆ ಅನ್ಬೇಕಾಗಿಲ್ಲ. ಅಲ್ಲಿಗೂ ಅದೇ ಬೆಲ್ಲನ್ನು ತಂದು ಕಟ್ತೀರಲ್ಲ, ನಾನು ಎಲ್ಲಿಗೆ ಹೋಗುದು?

ತೋಯ್ದ ಸೀರೆಯ ಅಂಚನ್ನು ಹಿಂಡಿಕೊಳ್ಳುವ ನೆಪದಲ್ಲಿ ರತ್ನಾವತಿ ಮುಖ ತಗ್ಗಿಸಿದಳು.

ರತ್ನಾವತಿ: ಇಪ್ಪತ್ತೆರಡು ವರ್ಷ ಸಂಸಾರ ಮಾಡಿದೆ ನಿಮ್ಮ ಹತ್ರ. ಒಂದು ದಿನ ಹೇಳಿದ್ದುಂಟಾ ಇದನ್ನು?

ವಿಷ್ಣುಮೂರ್ತಿ: ಹೇಳ್ಲಿಕ್ಕೆ ಕೂತ್ಕೊಂಡದ್ದುಂಟು. ಅಷ್ಟರಲ್ಲಿ ಬೆಲ್ಲು ಆಗ್ತದೆ.

ರತ್ನಾವತಿ: ಶಾಂತವೀರಪ್ಪನವರೇ, ಆ ಬೆಲ್ಲನ್ನು ತೆಗೀರಿ. ಬೇರೆ ಎಂತಾದ್ರೂ ಮಾಡಿ. ಆದ್ರೆ ಇವರೇ, ಮಗಳ ಮದುವೆ ಮದುವೆಯೇ. ನಾಲ್ಕು ಗಂಟೆ ನಾಲ್ಕು ಗಂಟೆಯೇ. ನಾನು ಕಣ್ಣಾರೆ ನೋಡದೆ ಈ ದೋಣಿ ಇಲ್ಲಿ ನಿಲ್ಲುದಿಲ್ಲ.

ಶಾಂತವೀರಪ್ಪ: ಅಂಜಬ್ಯಾಡ್ರಿ ಅಕ್ಕಾರ. ನನ್ನ ಚೀಲದಾಗ ಇನ್ನೊಂದು ಐಟಂ ಅದ. ಹಳೇ ರೈಲ್ವೆ ಎಂಜಿನ್ನಿನ ಸಿಳ್ಳು! ನೀರು ಹೊರಗ ಹೋಗೂ ಪೈಪಿಗೆ ಇದನ್ನ ಹಚ್ಚಿದ್ರ, ನೀರು ಕುದ್ದು ಉಗಿ ಆದ ಕೂಡ್ಲೆ ಕೂಯ್ ಅಂತ ಕೂಗ್ತದ. ಬ್ಯಾಟರಿ ಬ್ಯಾಡ, ತಂತಿ ಬ್ಯಾಡ.

ವಿಷ್ಣುಮೂರ್ತಿ: ಸಿಳ್ಳು ಆಗಬಹುದು. ನಾನು ಯಾರ ಸಿಳ್ಳಿಗೂ ಓಡಿದವನಲ್ಲ.

ರತ್ನಾವತಿ: ನೀವು ಕೂಡಿಸಿ. ನಾನು ಸೀರೆ ಬದಲಿಸಿ ಕಾಫಿ ಮಾಡಿ ತರ್ತೇನೆ. ಬಂದ ಮೇಲೆ ನೋಡ್ತೇನೆ.

ಅವಳು ಒಳಗೆ ಹೋದಳು. ಗಂಡಸರಿಬ್ಬರೂ ಸಿಳ್ಳು ಕೂಡಿಸಿ, ನಲ್ಲಿ ಮುಚ್ಚಿ, ಎಂಜಿನು ಹಚ್ಚಿದರು. ಅವಳು ಬರುವವರೆಗೆ ಕಾಯುವ ತಾಳ್ಮೆ ಇಬ್ಬರಿಗೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಸಿಳ್ಳು ಕಿವಿ ಕಿತ್ತುಹೋಗುವ ಹಾಗೆ ಕೂಗಿತು.

ವಿಷ್ಣುಮೂರ್ತಿ: (ಅತ್ತಿತ್ತ ನೋಡುತ್ತ) ಯಾವ ಮಿಲ್ಲಿನದ್ದು ಇಷ್ಟು ಹೊತ್ತಿಗೆ? ಶಿಫ್ಟು ಬಿಟ್ಟಿತಾ? ಶಾಂತವೀರಪ್ಪನವರೇ, ನಮ್ಮದು ಕೂಗ್ಲಿಕ್ಕೆ ಇನ್ನೂ ಎಷ್ಟು ಹೊತ್ತು?... ಎಲ್ಲಿಗೆ ಹೊರಟ್ರಿ? ಹ್ವಾಯ್! ಎಲ್ಲಿಗೆ?

ಶಾಂತವೀರಪ್ಪ ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಹಾಕಿದ್ದ. ಕಾಲುವೆಯಲ್ಲಿ ಕೈ ತೊಳೆದುಕೊಂಡಿದ್ದ. ಟಿಫಿನ್ ಕ್ಯಾರಿಯರನ್ನು ಎತ್ತಿಕೊಂಡು, ದೋಣಿಯಿಂದ ಇಳಿದು, ಯಾವ ಕಡೆಗೂ ನೋಡದೆ ಮೆಟ್ಟಿಲು ಹತ್ತಿ ಮನೆಯ ದಾರಿ ಹಿಡಿದಿದ್ದ. ಮೂವತ್ತು ವರ್ಷ ವರ್ಕ್‌ಶಾಪಿನ ಸಂಗು, ಅಂದರೆ ಪಾಳಿ ಬಿಡುವ ಸಿಳ್ಳು, ಊದಿದ ಕ್ಷಣವೇ ಕೆಲಸ ಕೆಳಗಿಟ್ಟು ಹೊರಟವನು ಅವನು. ಮೇಲಿನ ಮೆಟ್ಟಿಲಿನಲ್ಲಿ ಕಾಫಿಯ ತಟ್ಟೆ ಹಿಡಿದು ಬರುತ್ತಿದ್ದ ರತ್ನಾವತಿಗೆ ನೇರವಾಗಿ ಹೋಗಿ ಢಿಕ್ಕಿ ಹೊಡೆದ.

ಮೂರು ಹಿತ್ತಾಳೆ ಲೋಟ, ಕಾಫಿ ಆರಿಸುವ ಮೂರು ಡವರಾ, ಒಂದು ತಟ್ಟೆ. ಕಲ್ಲು ಮೆಟ್ಟಿಲ ಮೇಲೆ ಢಣಾರ್, ಠಣಠಣ, ಝಲ್ಲೆಂದು ಉರುಳಿಕೊಂಡು ಕಾಲುವೆಯ ಅಂಚಿನವರೆಗೂ ಬಂದವು.

ವಿಷ್ಣುಮೂರ್ತಿ: ಯಾರಲ್ಲಿ? ಎಂತ ಬಿದ್ದದ್ದು? ಎಷ್ಟು ಹೋಯ್ತು?

ರತ್ನಾವತಿ: ಮೂರು ಕಾಫಿಯೂ ಹೋಯ್ತು! ಶಾಂತವೀರಪ್ಪನವರೇ, ಕಣ್ಣು ಎಲ್ಲಿತ್ತು ನಿಮ್ಮದು?

ಶಾಂತವೀರಪ್ಪ: ತಪ್ಪಾತ್ರಿ ಅಕ್ಕಾರ! ಸಂಗು ಊದಿತು ಅಂತ... (ಸುತ್ತ ನೋಡಿ, ಕೈಯ ಕ್ಯಾರಿಯರ್ ನೋಡಿ) ಅಯ್ಯ ಶಿವನೇ, ನಾ ಎಲ್ಲಿಗೆ ಹೊಂಟಿದ್ದೆ?

ವಿಷ್ಣುಮೂರ್ತಿ: ಮನೆಗೆ ಹೊರಟಿದ್ರಿ! ನನ್ನನ್ನು ಬೈದ್ರಲ್ಲ, ಕೈ ತಾನಾಗಿ ಹೋಗ್ತದೆ ಅಂತ? ನಿಮ್ಮದು ಇಡೀ ಶರೀರವೇ ತಾನಾಗಿ ಹೋಯ್ತಲ್ಲ ಮಾರಾಯ್ರೆ!

ರತ್ನಾವತಿ: ಸ್ವಲ್ಪ ಸುಮ್ಮನಿರಿ ಇಬ್ಬರೂ. ಎಂಜಿನು ಯಾಕೆ ಶಬ್ದ ಮಾಡುದಿಲ್ಲ?

ಮೂವರೂ ದೋಣಿಯ ಕಡೆ ನೋಡಿದರು. ಎಂಜಿನು ನಿಂತಿತ್ತು. ಹಿಡಿ ಸಂಪೂರ್ಣ ಹಿಂದಕ್ಕೆ ಇತ್ತು. ರಾಯರ ಬಲಗೈ ಇನ್ನೂ ಅದರ ಮೇಲೇ ಇತ್ತು.

ರತ್ನಾವತಿ: ನಿಲ್ಲಿಸಿದ್ದು ಯಾರು?

ವಿಷ್ಣುಮೂರ್ತಿ: ನಾನೇ ಇರ್ಬೇಕು. ಹೋಟೆಲಿನಲ್ಲಿ ಪಾತ್ರೆ ಬಿದ್ರೆ ಯಾರಾದ್ರೂ ಕೆಲಸ ಮುಂದುವರಿಸ್ತಾರಾ? ಇದ್ದ ಹಾಗೆ ಎಲ್ಲ ನಿಲ್ಲಿಸಿ ತಿರುಗಿ ನೋಡುದೇ.

ರತ್ನಾವತಿ: ಶಾಂತವೀರಪ್ಪನವರೇ, ಕೇಳಿದ್ರಾ?

ಶಾಂತವೀರಪ್ಪ: ಕೇಳ್ದೆ ಅಕ್ಕಾರ. ಆ ಲೋಟಾ ಆರಿಸಿಕೊಡ್ರಿ. ಸಿಳ್ಳು ಬ್ಯಾಡ ಬಿಡ್ರಿ, ಬೇಸಿನ್ ಬ್ರಿಜ್ ದಾಟೂದ್ರಾಗ ನೂರು ರೈಲು ಸಿಳ್ಳು ಹೊಡೀತಾವ. ನನ್ನ ಪಟ್ಟಿ ಅದೇ ಇರ್ಲಿ. ತುದಿಗೆ ತಂತಿ ಬದಲಿ ಒಂದು ಕೊಕ್ಕಿ ಮಾಡ್ತೀನಿ. ಕೊಕ್ಕಿಗೆ ದಾರ, ದಾರಕ್ಕ ಲೋಟಾ. ಪಟ್ಟಿ ಬಾಗಿದ್ರ ದಾರ ಜಾರ್ತದ, ಕೆಳಗ ತಗಡಿನ ಡಬ್ಬಿ ಮ್ಯಾಲ ಎಲ್ಲಾ ಒಮ್ಮಿಗೇ ಬೀಳ್ತಾವ.

ರತ್ನಾವತಿ: ಡವರಾವನ್ನೂ ಸೇರಿಸಿ. ಲೋಟ ಮಾತ್ರ ಬಿದ್ರೆ ಇವರು 'ಪರವಾಯಿಲ್ಲೆ' ಅಂತ ಬಿಡುದುಂಟು.

ಇದನ್ನೆಲ್ಲ ಕಟ್ಟಿ ಮುಗಿಸುವಾಗ ನಾಲ್ಕು ಗಂಟೆ ಆಗಿಯೇ ಹೋಗಿತ್ತು. ಮುದಲಿಯಾರರ ಸುಳಿವಿರಲಿಲ್ಲ. ಈ ಸಲ ನೀರಿನ ನಲ್ಲಿಯನ್ನು ಪೂರ್ತಿ ತೆರೆದು, ಹಗ್ಗ ಬಿಚ್ಚಿ, ಒಂದು ಸಣ್ಣ ಸುತ್ತು ಹೋಗಿ ಬಂದು ಆಮೇಲೆ ನಲ್ಲಿ ಮುಚ್ಚುವುದೆಂದು ಮಾತಾಯಿತು. ರಾಯರು, ಶಾಂತವೀರಪ್ಪ ದೋಣಿಯಲ್ಲಿ. ರತ್ನಾವತಿ ದಡದಲ್ಲೇ ಜೊತೆಜೊತೆಗೆ ನಡೆದಳು. ಹೋಟೆಲಿನ ಹಿತ್ತಲು ದಾಟಿ ನೂರು ಹೆಜ್ಜೆ ಹೋಗಿರಲಿಲ್ಲ, ಲೋಟ ಡವರಾಗಳೆಲ್ಲ ಡಬ್ಬದ ಮೇಲೆ ಉರುಳಿದವು.

ವಿಷ್ಣುಮೂರ್ತಿ: ಯಾರಲ್ಲಿ? ಎಂತ ಬಿದ್ದದ್ದು?

ಎಂಜಿನು ನಿಂತಿತು.

ರತ್ನಾವತಿ: ನಿಲ್ಲಿಸಿದ್ರಿ! ಕಣ್ಣಾರೆ ನೋಡಿದೆ ನಾನು!

ವಿಷ್ಣುಮೂರ್ತಿ: ನಿಲ್ಲಿಸಿದೆ ಸರಿ. ಆದ್ರೆ ಬಿದ್ದದ್ದು ಯಾಕೆ? ನಲ್ಲಿ ತೆರೆದೇ ಉಂಟಲ್ಲ? ನಿಮ್ಮ ಕೊಕ್ಕೆ ಸಡಿಲ ಆಗಿದೆ ಶಾಂತವೀರಪ್ಪನವರೇ.

ಶಾಂತವೀರಪ್ಪ: ನನ್ನ ಕೊಕ್ಕಿ ಸಡಿಲ ಆಗಂಗಿಲ್ರಿ. (ಪೈಪು ಮುಟ್ಟಿ ಕೈ ಹಿಂತೆಗೆದು) ಸುಡಾಕತ್ತೇದ! ಖರೇನ ಬಿಸಿ ಆಗೇದ. ನಲ್ಲಿ ತಗದದ, ನೀರ್ ಮಾತ್ರ ಬರವಲ್ದು. ತಡೀರಿ, ಕೆಳಗ ಕಾಲುವಿ ನೀರು ಎಳಕೊಳ್ಳೂ ಜಾಳಿಗಿ ನೋಡ್ತೀನಿ.

ಅವನು ದೋಣಿಯ ಅಂಚಿನ ಮೇಲೆ ಹೊಟ್ಟೆಯೂರಿ ಮಲಗಿ, ಭುಜದವರೆಗೆ ಕೈ ಇಳಿಬಿಟ್ಟು, ಏನನ್ನೋ ಕಿತ್ತು ಮೇಲೆತ್ತಿದ. ಬಾಳೆಲೆ. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಕೊಳೆತ ಮತ್ತೆರಡು.

ಶಾಂತವೀರಪ್ಪ: ಇದೇ ನೋಡ್ರಿ ನಿಮ್ಮ ಎಂಜಿನ್ನಿನ ಜಡ್ಡು. ಉಂಡ ಎಲಿ! ಜಾಳಿಗಿ ಬಾಯಿಗೆ ಮೆತ್ತಿಕೊಂಡು ನೀರ್ ಬಿಡವಲ್ದು. ಯಾರೋ ಕಾಲುವಿಗೆ ಒಗೀತಾರ.

ವಿಷ್ಣುಮೂರ್ತಿ: ಯಾವ ಪುಣ್ಯಾತ್ಮನೋ! ಮೂರು ಸಲ ಎಂಜಿನು ಸುಟ್ಟವ ಇವನೇ! ಕೊಡಿ ಇಲ್ಲಿ. ಯಾವ ಹೋಟೆಲಿನದ್ದು ಅಂತ ಗೊತ್ತಾದ್ರೆ ಅವನನ್ನು...

ರಾಯರು ಎಲೆಯನ್ನು ನೀರು ಕೊಡವಿ ಹರಡಿದರು. ಕೈ ಚಾಚಿ ಅಗಲವನ್ನು ಅಳೆದರು. ಒಂದು ಗೇಣು, ಅದರ ಮೇಲೆ ಎರಡು ಬೆರಳು. ಮತ್ತೊಮ್ಮೆ ಅಳೆದರು. ಅಷ್ಟೇ.

ವಿಷ್ಣುಮೂರ್ತಿ: ರತ್ನಾ.

ರತ್ನಾವತಿ: ಎಂತ?

ವಿಷ್ಣುಮೂರ್ತಿ: ಈ ಎಲೆಯಲ್ಲಿ ಹಪ್ಪಳ ಹೊರಗೆ ಕೂತ್ಕೊಳ್ತದೆ.

ರತ್ನಾವತಿ ದಡದಿಂದಲೇ ಎಲೆಯನ್ನು ನೋಡಿದಳು. ತಾನು ಕೊಯ್ದ ಎಲೆ ತನಗೆ ಗುರುತಾಗದೆ ಇರುತ್ತದೆಯೇ?

ವಿಷ್ಣುಮೂರ್ತಿ: ನಮ್ಮ ಉಂಡ ಎಲೆ ಹಾಲಿನವನ ದನಕ್ಕಲ್ವಾ ಹೋಗುದು?

ರತ್ನಾವತಿ: ಹೋಗ್ತಿತ್ತು. ಅವನ ಹತ್ರ ಸ್ವಲ್ಪ ಮಾತಿಗೆ ಮಾತು ಆಯ್ತು. ಅವ ಬರುದು ಬಿಟ್ಟ. ಹಿತ್ತಲಲ್ಲಿ ರಾಶಿ ಬಿದ್ದು ನೊಣ... ಅದಕ್ಕೆ ಕಾಲುವೆಗೆ ಹಾಕ್ಲಿಕ್ಕೆ ಹೇಳಿದೆ.

ವಿಷ್ಣುಮೂರ್ತಿ: ಜಗಳ ಆದದ್ದು ಯಾವಾಗ?

ರತ್ನಾವತಿ: ಆಷಾಢದಲ್ಲಿ.

ಶಾಂತವೀರಪ್ಪ: ಎಂಜಿನ್ ಮೊದಲನೇ ಸರ್ತಿ ಸುಟ್ಟದ್ದು?

ವಿಷ್ಣುಮೂರ್ತಿ: ಆಷಾಢದಲ್ಲಿ.

ಮೊದಲು ಮಾತಾಡಿದವಳು ರತ್ನಾವತಿಯೇ. ಸೋತು ಸುಮ್ಮನಾಗುವ ಅಭ್ಯಾಸ ಅವಳಿಗಿರಲಿಲ್ಲ.

ರತ್ನಾವತಿ: ನೋಡಿದ್ರಾ? ಅಲಾರಂ ಹಾಕಿದ್ದಕ್ಕೆ ತಾನೇ ಕಳ್ಳ ಸಿಕ್ಕಿದ್ದು? ಬೇಡ ಬೇಡ ಅಂತ ಕುಣಿದ್ರಲ್ಲ ನೀವು!

ವಿಷ್ಣುಮೂರ್ತಿ: ಕಳ್ಳ ಅಲ್ಲ ಮಾರಾಯ್ತಿ.

ರತ್ನಾವತಿ: ಸರಿ, ನಾನೇ. ತಪ್ಪಾಯ್ತು. ನಾಳೆಯೇ ಹಾಲಿನವನನ್ನು ಕರೆಸ್ತೇನೆ. ದೋಣಿ ನಿಮ್ಮದೇ, ಮಂಗಳವಾರವೂ ನಿಮ್ಮದೇ. ಆದ್ರೆ ಈಗ ಮುದಲಿಯಾರರಿಗೆ ಎಂತ ಹೇಳುದು? ನಾನೇ ಬಾಯಿಬಿಟ್ಟು ಕರೆಸಿದ್ದು. ಒಮ್ಮೆ ಎದುರು ಕೂತ್ರೆ ಹೂಂ ಅನ್ನಿಸದೆ ಏಳುವ ಜನ ಅಲ್ಲ ಅವರು.

ವಿಷ್ಣುಮೂರ್ತಿ: ನನಗೂ ಅದೇ ಹೆದರಿಕೆ. ಅವರ ಎದುರು ನನಗೆ ಬಾಯಿ ಬರುದಿಲ್ಲ. ದೊಡ್ಡ ದನಿಯಲ್ಲಿ ಕೇಳಿದ್ರೆ 'ಆಯ್ತು ಸಾರ್' ಅಂತ ಬಂದುಬಿಡ್ತದೆ.

ಶಾಂತವೀರಪ್ಪ: ನಾ ಹೇಳ್ಲೇನ್ರಿ?

ರತ್ನಾವತಿ: ಅವರು ಸಿಳ್ಳು ಹೊಡೆದ್ರೆ ನೀವು ಮನೆಗೆ ಹೋಗ್ತೀರಿ. ಬೇಡ.

ಮೂವರೂ ದೋಣಿಯನ್ನು ಹಗ್ಗದಲ್ಲಿ ಎಳೆದುಕೊಂಡು ಹಿತ್ತಲಿಗೆ ಬರುವಾಗ ಐದಕ್ಕೆ ಸ್ವಲ್ಪವೇ ಇತ್ತು. ಬಾಗಿಲಲ್ಲಿ ಶೀನ ನಿಂತಿದ್ದ. ಹೋಟೆಲು ತೆರೆದ ದಿನದಿಂದ ಸಪ್ಲೈಯಲ್ಲಿರುವ ಹಿರಿಯ ಆಳು, ತಲೆ ಅರ್ಧ ನರೆತವನು.

ರತ್ನಾವತಿ: ಶೀನಾ, ಎಣ್ಣೂರಿನ ಮುದಲಿಯಾರರು ಬಂದ್ರಾ?

ಶೀನ: ಬಂದಿದ್ರು ಅಮ್ಮ. ಸರಿ ನಾಲ್ಕಕ್ಕೇ ಬಂದ್ರು. ಹೆಂಡತಿಯನ್ನೂ ಕರ್ಕೊಂಡು ಬಂದಿದ್ರು. ಫ್ಯಾಮಿಲಿ ರೂಮಿಗೆ ಹೋಗಿ ಕೂತ್ರು.

ವಿಷ್ಣುಮೂರ್ತಿ: ಅಯ್ಯೋ! ಒಳಗೆ ಇದ್ದಾರಾ?

ಶೀನ: ಇಲ್ಲ. ಈಗಷ್ಟೇ ಹೋದ್ರು. ಮುಕ್ಕಾಲು ಗಂಟೆಯಿಂದ ಗುಂಡಿ ಒತ್ತುತ್ತಾ ಇದ್ದೇನೆ, ಒಬ್ಬ ನಾಯಿಯೂ ಬರ್ಲಿಲ್ಲ ಅಂತ ಬೈದ್ರು. ಮರ್ಯಾದೆ ಗೊತ್ತಿಲ್ಲದವರ ದೋಣಿ ನಮಗೆ ಬೇಡ, ಇನ್ನು ಈ ಕಡೆ ಕಾಲು ಹಾಕುದಿಲ್ಲ ಅಂತ ಹೇಳಿ ಹೋದ್ರು.

ರತ್ನಾವತಿ: ಅವರು ಒಳಗೆ ಹೋದದ್ದು ನೀನು ನೋಡಿದ್ಯಲ್ಲ?

ಶೀನ: ನೋಡಿದೆ ಅಮ್ಮ. ಹತ್ತಿರವೇ ನಿಂತಿದ್ದೆ. ನೀರು ತುಂಬಿದ ಲೋಟ ಕೈಯಲ್ಲೇ ಇತ್ತು.

ರತ್ನಾವತಿ: ಮತ್ತೆ ಪರದೆ ಸರಿಸಿ ಎಂತ ಬೇಕು ಅಂತ ಕೇಳ್ಲಿಕ್ಕೆ ಎಂತ ಧಾಡಿ ನಿನಗೆ?

ಶೀನ: ಬೆಲ್ಲು ಆಗ್ಲಿಲ್ಲ ಅಲ್ವಾ ಅಮ್ಮ! ಬೆಲ್ಲು ಆಗದೆ ಪರದೆ ಮುಟ್ಟಿದವನ ಕೈ ಮುರೀತೇನೆ ಅಂತ ನೀವೇ ಹೇಳಿದ್ದು.

ವಿಷ್ಣುಮೂರ್ತಿ ರಾಯರು ಶಾಂತವೀರಪ್ಪನ ಚೀಲಕ್ಕೆ ಕೈ ಹಾಕಿ ಕರೆಗಂಟೆಯನ್ನು ಹೊರತೆಗೆದರು. ಹೆಗಲ ಮೇಲಿದ್ದ ಟವೆಲಿನಲ್ಲಿ ಅದರ ಎಣ್ಣೆ ಒರೆಸಿದರು.

ವಿಷ್ಣುಮೂರ್ತಿ: ಹದಿನೆಂಟು ವರ್ಷ ಬಡಿದು ಬಡಿದು ನನ್ನನ್ನು ಓಡಿಸಿದ್ದು ಇದರ ಅಣ್ಣತಮ್ಮಂದಿರು. ಇದೊಂದು ಪಾಪದ್ದು ರತ್ನಾ, ಒಂದೇ ಒಂದು ದಿನ ಬಾಯಿ ಮುಚ್ಚಿ ಕೂತದ್ದಕ್ಕೆ ನನ್ನ ದೋಣಿ ಉಳೀತು.